ಎಂಜಲಾದ ಬಿಲ್ಲೆ

"ಅಲ್ಲ, ಇದಕ್ಕೇನು ಬಂತು ಅಂತ ಬೇಡ ಅಂದೆ?"

ಅವಳು ಕೇಳಿದ್ದು ಯಾರನ್ನೂ ಅಲ್ಲ. ಕೇಳಿಸಿಕೊಳ್ಳಲು ಆ ಹಳದಿ ಬೆಳಕಿನ ಕೋಣೆಯಲ್ಲಿ ಯಾರೂ ಇರಲಿಲ್ಲ. ಚಿಪ್ ಕಾರ್ಖಾನೆಯ ಈ ತಪಾಸಣೆ ವಿಭಾಗದಲ್ಲಿ ಒಂದು ಕಾಲಕ್ಕೆ ಹೆಂಗಸರು ಸಾಲಾಗಿ ಕೂತು, ಸೂಕ್ಷ್ಮದರ್ಶಕಕ್ಕೆ ಕಣ್ಣು ನೆಟ್ಟು, ಸಿಲಿಕಾನ್ ಬಿಲ್ಲೆಗಳಲ್ಲಿ ಗೀರು, ಧೂಳು, ಕಲೆ ಹುಡುಕುತ್ತಿದ್ದರು. ಈಗ ನೋಡುವುದು ಕ್ಯಾಮೆರಾ, ತೀರ್ಮಾನ ಹೇಳುವುದು ಅದರ ಹಿಂದಿನ ಯಂತ್ರ, ಬಿಲ್ಲೆಯ ಡಬ್ಬಿ ಹೊರುವುದು ಚಾವಣಿಯ ಹಳಿಗೆ ಜೋತುಬಿದ್ದು ಓಡುವ ಗಾಡಿ. ಯಂತ್ರ ಬೇಡವೆಂದದ್ದನ್ನು ಕೊನೆಯದಾಗಿ ಒಮ್ಮೆ ನೋಡಲೆಂದು ಇವಳೊಬ್ಬಳನ್ನು ಉಳಿಸಿಕೊಂಡಿದ್ದರು. ಅಡಿಯಿಂದ ಮುಡಿಯವರೆಗೆ ಬಿಳಿ ಉಡುಪು. ಹೊರಗೆ ಕಾಣುವುದು ಕಣ್ಣು ಮಾತ್ರ. ಪಾಳಿ ಮುಗಿಯುವವರೆಗೆ ಬಾಯಿ ಬಿಡುವ ಪ್ರಸಂಗವೇ ಬಾರದು. ಮನೆಗೆ ಹೋದರೂ ಅಷ್ಟೆ, ಬೀಗ ತೆಗೆದ ಸದ್ದೇ ಆ ದಿನದ ಮಾತು.

ಅವಳು ಪರದೆಯ ಮೇಲಿನ ಬಿಲ್ಲೆಯ ಚಿತ್ರವನ್ನು ಹಿಗ್ಗಿಸಿದಳು. ಅಂಚಿನಲ್ಲಿ ಉಗುರಿನಾಕಾರದ ಮಸುಕು ಕಮಾನು. ಬಿಲ್ಲೆಯನ್ನು ಎತ್ತಿಡುವ ಯಂತ್ರದ ಕೈಗೆ ಈ ವಾರ ಹೊಸ ಬೆರಳು ತೊಡಿಸಿದ್ದರು. ಅದು ತಾಗಿದ ಗುರುತು. ಮುಂದಿನ ತೊಳೆತಕ್ಕೆ ತಾನಾಗಿ ಹೋಗುವಂಥದ್ದು. ಹಾಗಿದ್ದೂ ಏಕೆ ಬೇಡವೆಂದಿತು ಎಂದು ಕೆಳಗೆ ನೋಡಿದಳು. ಕಾರಣದ ಜಾಗದಲ್ಲಿ ಒಂದೇ ಪದವಿತ್ತು: ಎಂಜಲು.

ನಗು ಉಕ್ಕಿ ಮುಸುಕಿನ ಬಟ್ಟೆ ಉಬ್ಬಿತು. ಮರುಗಳಿಗೆಗೆ ಕಣ್ಣು ಮಂಜಾಯಿತು. ಆ ಉಡುಪಿನಲ್ಲಿ ಕಣ್ಣೊರೆಸಿಕೊಳ್ಳುವ ಹಾಗೂ ಇಲ್ಲ.

ಅದು ಅತ್ತಿಗೆಯ ಮಾತು. ಅಣ್ಣ ತೀರಿಕೊಂಡ ಮೇಲೂ ತವರಿಗೆ ಹೋಗದೆ ನಾದಿನಿಯ ಜೊತೆಗೇ ಉಳಿದವಳು. ಇಲ್ಲಿಯೂ ಪಕ್ಕದ ಕುರ್ಚಿಯೇ ಆಗಬೇಕೆಂದು ಹಟ ಹಿಡಿದು ಕೂತವಳು. ಮುಸುಕಿನೊಳಗೇ ಪದ್ಯ ಗುನುಗುತ್ತ ಕೆಲಸ ಮಾಡುತ್ತಿದ್ದಳು. ಅಂಚಿನಲ್ಲಿ ಇಂಥ ಕಮಾನು ಕಂಡರೆ ಪದ್ಯ ಅಲ್ಲಿಗೇ ನಿಲ್ಲುತ್ತಿತ್ತು.

"ನೋಡೇ, ಯಾರೋ ಬಿಸ್ಕತ್ತು ಕಚ್ಚಿ ವಾಪಸ್ ಇಟ್ಟ ಹಾಗಿದೆ. ಎಂಜಲು! ನಾನಂತೂ ಪಾಸ್ ಮಾಡಲ್ಲ."

"ಅತ್ತಿಗೆ, ಅದು ತೊಳೆದ್ರೆ ಹೋಗುತ್ತೆ."

"ದಿನಾ ಮುಖ ತೊಳೀತೀಯಲ್ಲ, ಅದರ ಮೇಲಿನ ಗಂಟು ಹೋಯ್ತಾ?"

ಮೇಲಿನವರು ಎಷ್ಟು ಗದರಿದರೂ ಅತ್ತಿಗೆ ಕಾರಣದ ಜಾಗದಲ್ಲಿ ಆ ಪದವನ್ನೇ ಒತ್ತುತ್ತಿದ್ದಳು. ಯಂತ್ರಕ್ಕೆ ಪಾಠ ಹೇಳಲು ಎಲ್ಲರೂ ಗುರುತು ಹಾಕಿದ್ದ ಬಿಲ್ಲೆಗಳ ಹಳೆಯ ಚಿತ್ರಗಳನ್ನು ಉಣಿಸಿದಾಗ ಅವಳ ಹಟವೂ ಅದರ ಹೊಟ್ಟೆಗೆ ಹೋಗಿತ್ತು. ಯಂತ್ರ ಕೆಲಸಕ್ಕೆ ಕೂರುವಷ್ಟರಲ್ಲಿ ಅತ್ತಿಗೆ ಎದೆಯ ಕಾಯಿಲೆಯಲ್ಲಿ ಹೋಗಿಬಿಟ್ಟಿದ್ದಳು.

ಪರದೆಯಲ್ಲಿ ಆ ಪದ ಕಂಡ ದಿನದಿಂದ ಇವಳು ಅಂಥ ಪ್ರತಿ ಬಿಲ್ಲೆಯನ್ನೂ ಸರಿಯಿದೆಯೆಂದು ಮುಂದಕ್ಕೆ ಕಳಿಸಿದಳು, ನಿಜ. ಆದರೆ ಇನ್ನೊಂದು ಬರಲೆಂದು ಕಾದಳು. ಪರದೆ ಕೆಂಪಾದಾಗಲೆಲ್ಲ "ಬಂದ್ಯಾ ಅತ್ತಿಗೆ?" ಎಂದಳು. ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ನಡಿಗೆ ಬಿರುಸಾಯಿತು.

ಅವಳು ನೋಡಲೆಂದು ಕಾದು ಡಬ್ಬಿಗಳು ಸಾಲುಗಟ್ಟಿ ನಿಂತವು. ಇಂಜಿನಿಯರ್ ಬಂದ. ಮೆದು ಮಾತಿನವನು.

"ಇದೇನಮ್ಮಾ ಎಂಜಲು? ಯಂತ್ರ ತಿಂಡಿ ತಿನ್ನೋಕೆ ಶುರು ಮಾಡ್ತಾ?"

"ನಮ್ಮ ಅತ್ತಿಗೆಯ ಮಾತು ಅದು."

ಅವನ ನಗು ಇಳಿಯಿತು. "ಓ, ಅವರದಾ..." ಸಾಲುಗಟ್ಟಿದ ಡಬ್ಬಿಗಳತ್ತ ತಿರುಗಿದ. "ಆದ್ರೂ ಲೈನ್ ನಿಲ್ತಾ ಇದೆಯಲ್ಲಮ್ಮ. ಇವನ್ನೆಲ್ಲ ಒಟ್ಟಿಗೆ ಆರಿಸಿ, ದೋಷ ಅಲ್ಲ ಅಂತ ಗುರುತು ಹಾಕ್ಕೊಡಿ. ಸಾಯಂಕಾಲದೊಳಗೆ ಕಲಿತುಬಿಡುತ್ತೆ."

"ಕಲಿಯುತ್ತೋ, ಮರೆಯುತ್ತೋ?"

"ಅದಕ್ಕೆ ಎರಡೂ ಒಂದೇ."

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಇವಳು ಒಲ್ಲೆನೆಂದರೆ ಇನ್ನೊಂದು ಕಟ್ಟಡದಲ್ಲಿ ಯಾರೋ ಚಹಾ ಆರುವಷ್ಟರಲ್ಲಿ ಮಾಡಿ ಮುಗಿಸುತ್ತಾರೆ. ಅದೂ ಅವಳಿಗೆ ಗೊತ್ತಿತ್ತು.

ಅವನು ಮೌಸನ್ನು ಅವಳತ್ತ ಸರಿಸಿದ. "ನೀವೇ ಮಾಡಿದ್ರೆ ಚೆನ್ನಾಗಿರುತ್ತಮ್ಮ. ನಿಮ್ಮ ಕಣ್ಣಿನ ಮೇಲೆ ನಮಗೆ ನಂಬಿಕೆ. ದಯವಿಟ್ಟು."

ಅವಳು ಕೈಗಳನ್ನು ಮಡಿಲಿಗೆ ಎಳೆದುಕೊಂಡಳು.

"ಒಂದೊಂದಾಗಿ ಎಷ್ಟು ಬೇಕಾದ್ರೂ ನೋಡಿ ಕಳಿಸ್ತೀನಿ. ಇದನ್ನ ಮಾತ್ರ ನಾನು ಮಾಡಲ್ಲಪ್ಪ."