ಎಂಟು ದಿನಕ್ಕೆಂದು ತಂದ ಪುಸ್ತಕ

ತೀರಿಕೊಂಡ ಮಗನ ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಹಿಂದಿನ ದಿನವೇ ಹೊರಟುಹೋಗಿದ್ದರು. ಶಿಕಾರಿಪುರದ ಆ ಮನೆಯಲ್ಲಿ ಅಂದು ಬೆಳಿಗ್ಗೆ ನೀಲಾಂಬಿಕ ಎದ್ದು ಅಡುಗೆಮನೆಗೆ ಬಂದು ಕೂತಳು. ಅತ್ತೆ ಶಕುಂತಲಮ್ಮ ಒಲೆ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದರು. ಟಪ್, ಟಪ್, ಟಪ್, ಟಪ್. ನಾಲ್ಕು ಸದ್ದು ಕೇಳಿದ ಮೇಲೆ ನೀಲಾಂಬಿಕಳ ತೋರುಬೆರಳು ತಾನಾಗಿಯೇ ನೆಲದ ಮೇಲೆ ಓರೆಯಾಗಿ ಒಂದು ಗೆರೆ ಎಳೆಯಿತು. ಅವಳು ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡಳು.

ಅದು ಅವಳಿಗೂ ಗಂಡನಿಗೂ ಇದ್ದ ಕೆಲಸದ ರೂಢಿ. ಸದಾಶಿವಪ್ಪ ಸೊರಬದಲ್ಲಿ ಹೆಲ್ತ್ ಇನ್‌ಸ್ಪೆಕ್ಟರಾಗಿದ್ದ. ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿ, ಅದರ ಬೆನ್ನಿಗೇ ಹಳ್ಳಿಗಳಲ್ಲಿ ಹೆಸರಿಲ್ಲದ ಜ್ವರ ಕಾಣಿಸಿಕೊಂಡ ಮೇಲೆ, ಯಾವ ಊರಲ್ಲಿ ಯಾವ ತಿಂಗಳು ಎಷ್ಟು ಜನ ತೀರಿಕೊಂಡರು ಎಂದು ಪಟ್ಟಿ ಮಾಡುವ ಕೆಲಸ ಅವನ ಪಾಲಿಗೆ ಬಂದಿತ್ತು. ಪಟೇಲರು ಬರೆದಿಟ್ಟ ಜನನ ಮರಣದ ಪುಸ್ತಕವನ್ನು ಅವನು ಓದುವನು, ಅವಳು ಗೆರೆ ಎಳೆಯುವಳು. ನಾಲ್ಕು ನಿಂತ ಗೆರೆ, ಐದನೆಯದು ಅವುಗಳ ಮೇಲೆ ಓರೆ. ಜ್ವರ, ಜ್ವರ, ವಾಂತಿಭೇದಿ, ಜ್ವರ, ಬಾಣಂತಿ, ಜ್ವರ. “ಊರಿಗೂರೇ ಜ್ವರ ಅಂತ ಬರೆದು ಕೈ ತೊಳೆದುಕೊಂಡರೆ ನಾನು ಯಾವ ಜ್ವರ ಅಂತ ಹುಡುಕಲಿ ಹೇಳು” ಎಂದು ಅವನು ಪುಸ್ತಕದ ಮೇಲೆ ರೇಗುತ್ತಿದ್ದ. ಕೊನೆಗೆ ಅದೇ ಜ್ವರ ಅವನನ್ನೂ ಕರೆದುಕೊಂಡು ಹೋಯಿತು. ಕುಪ್ಪಗಡ್ಡೆಯಿಂದ ಎರಡು ಮೈಲಿ ಆಚೆಯ ಒಂದು ಸಣ್ಣ ಹಳ್ಳಿಯಲ್ಲಿ, ಶಾಲೆಯ ಕಟ್ಟಡದೊಳಗೆ, ಆಸ್ಪತ್ರೆಗೆ ಒಯ್ಯಲು ಬರಬೇಕಾದ ಜೀಪು ಬರುವ ಮೊದಲು.

ಹತ್ತು ಗಂಟೆಯ ಹೊತ್ತಿಗೆ ಪೋಸ್ಟಿನ ಶೇಷಪ್ಪ ಬಂದು ಜಗಲಿಯ ಮೇಲೆ ನಿಂತ. ಮಾವ ತೋಟಪ್ಪನವರ ಮುಖ ನೋಡದೆ, “ಸೊರಬದಿಂದ ಇಲ್ಲಿಗೆ ತಿರುಗಿಸ್ಯಾರ್ರಿ. ನಿಮ್ಮ ಸೊಸಿ ಹೆಸರಿಗೈತಿ” ಎಂದು ಉದ್ದನೆಯ ಲಕೋಟೆ ಕೊಟ್ಟು ಹೋದ.

ಲಕೋಟೆ ಕಲ್ಕತ್ತೆಯದು. ಅಲ್ಲಿನ ಸಾರ್ವಜನಿಕ ಆರೋಗ್ಯದ ಸಂಸ್ಥೆಯಲ್ಲಿ ಆರೋಗ್ಯದ ಅಂಕಿಅಂಶಗಳನ್ನು ಕಲಿಸುವ ಒಂದು ವರ್ಷದ ಡಿಪ್ಲೊಮಾ ಇತ್ತು. ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿದ್ದ ಅವಳ ಕೈಯಲ್ಲಿ ಡಿಸೆಂಬರಿನಲ್ಲಿ ಅರ್ಜಿ ಹಾಕಿಸಿದವನು ಸದಾಶಿವಪ್ಪನೇ. “ನಾನು ಊರೂರು ತಿರುಗಿ ತರುತ್ತೇನೆ, ಅದರಿಂದ ಏನು ತಿಳಿಯಬೇಕು ಅನ್ನುವುದು ನಿನಗೆ ಗೊತ್ತಿರಲಿ” ಎಂದಿದ್ದ. ಜನವರಿಯಿಂದ ಇಬ್ಬರೂ ಉತ್ತರಕ್ಕೆ ಕಾದರು. ಸಂಜೆ ಮನೆಗೆ ಬಂದವನು ಚಪ್ಪಲಿ ಬಿಡುವ ಮೊದಲು “ಬಂತಾ?” ಎನ್ನುವನು. “ಇಲ್ಲ” ಎಂದರೆ ಚಪ್ಪಲಿ ಬಿಡುವನು.

ಈಗ ಬಂದಿತ್ತು. ಸೀಟು ಸಿಕ್ಕಿರಲಿಲ್ಲ, ಇಲ್ಲವೆಂದೂ ಹೇಳಿರಲಿಲ್ಲ. ಕಾಯುವವರ ಪಟ್ಟಿಯಲ್ಲಿ ಅವಳ ಹೆಸರು ಎರಡನೆಯದು, ಕೊನೆಯ ತೀರ್ಮಾನ ಜೂನ್ ಹತ್ತಕ್ಕೆ. ಆದರೆ ಜೊತೆಗಿಟ್ಟ ಫಾರಂ ಏಪ್ರಿಲ್ ಮೂವತ್ತರೊಳಗೆ ತಲುಪದಿದ್ದರೆ ಅರ್ಜಿ ಹಿಂದಕ್ಕೆ ಪಡೆದಂತೆ ಎಂದು ಬರೆದಿತ್ತು. ಫಾರಮ್ಮಿನ ಆರನೆಯ ಸಾಲನ್ನು ಅವಳು ಮೂರು ಸಲ ಓದಿದಳು. ವಿವಾಹಿತೆಯಾಗಿದ್ದರೆ ಗಂಡನ ಒಪ್ಪಿಗೆಯ ಸಹಿ. ವಿಧವೆಯಾಗಿದ್ದರೆ ಮರಣದ ದಾಖಲೆಯ ನಕಲು.

ಮಗನ ನೌಕರಿಯ ಕಾಗದಗಳಿಗೂ ಅದೇ ನಕಲು ಬೇಕಾಗಿ ತೋಟಪ್ಪನವರು ಆಗಲೇ ಓಡಾಡುತ್ತಿದ್ದರು. ಎರಡು ದಿನ ಬಿಟ್ಟು ಸೊರಬಕ್ಕೆ ಹೋಗಿ ಸಂಜೆ ಬರಿಗೈಯಲ್ಲಿ ತಿರುಗಿ ಬಂದು, ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತರು.

“ಅಮಲ್ದಾರ್ ಕಚೇರಿಯಾಗ, ಸತ್ತ ಊರಿನ ಪಟೇಲರು ತಮ್ಮ ಪುಸ್ತಕದಾಗ ಬರದಿದ್ರ ಮಾತ್ರ ನಕಲು ಅಂದ್ರು. ಆ ಪಟೇಲ್ ಜಟ್ಟಪ್ಪನ ಹುಡುಕ್ಕೊಂಡು ಹೋದೆ. ಪುಸ್ತಕಾನ ನಮ್ಮ ಸದಾಶಿವ ಎಂಟು ದಿನಕ್ಕ ಅಂತ ಇಸ್ಕೊಂಡು ಹೋಗ್ಯಾನಂತ, ಜನವರಿಯಾಗ. ಅದು ಬಂದ್ರ ಬರಿತಾರಂತ. ನಿನ್ನ ಹತ್ರ ಐತೇನವ್ವಾ?”

“ಇಲ್ಲ ಮಾವ” ಎಂದಳು ನೀಲಾಂಬಿಕ.

ಪುಸ್ತಕ ಅವಳ ಟ್ರಂಕಿನಲ್ಲೇ ಇತ್ತು, ಸೀರೆಗಳ ಕೆಳಗೆ. ಏಕೆ ಸುಳ್ಳು ಹೇಳಿದೆ ಎಂದು ಆಮೇಲೆ ಒಬ್ಬಳೇ ಕೂತು ಕೇಳಿಕೊಂಡಳು. ಉತ್ತರ ಕಷ್ಟದ್ದೇನಾಗಿರಲಿಲ್ಲ. ಆ ಪುಸ್ತಕದ ಹಾಳೆ ಹಾಳೆಯಲ್ಲೂ ಅವನ ಪೆನ್ಸಿಲಿನ ಗುರುತುಗಳಿದ್ದವು. ಅದನ್ನು ತೆರೆದರೆ ಅವನು ಓದುವುದು ಕೇಳಿಸುತ್ತಿತ್ತು. ನೆನಪಾಗುವುದಲ್ಲ, ಕೇಳಿಸುವುದು, ಬಲಗಡೆಯಿಂದ, ಸ್ವಲ್ಪ ನೆಗಡಿಯಾದಂಥ ದನಿಯಲ್ಲಿ. ಮತ್ತೆ, ಪುಸ್ತಕ ಟ್ರಂಕಿನಲ್ಲಿ ಇರುವ ತನಕ ಅವನ ಹೆಸರು ಅದರೊಳಗೆ ಸೇರುವಂತಿರಲಿಲ್ಲ.

ಇಪ್ಪತ್ತನೆಯ ತಾರೀಕಿಗೆ ಅವಳಿಗೆ ಬೇರೆ ದಾರಿ ಹೊಳೆಯಿತು. ಅವನು ಕಾಡುಮೇಡು ಸುತ್ತುವಾಗ ವಾರದ ವರದಿಗಳಿಗೆ ಅವಳೇ ಅವನ ಸಹಿ ಹಾಕಿ ಕಳಿಸಿದ್ದುಂಟು. ಕಲ್ಕತ್ತೆಯವರಿಗೆ ಅವನು ಇನ್ನೂ ಬದುಕಿದ್ದಾನೆ. ಗೆರೆ ಎಳೆದ ಹಳೆಯ ಹಾಳೆಯೊಂದನ್ನು ತೆಗೆದು, ಅದರ ಹಿಂಬದಿಯಲ್ಲಿ ಬರೆದು ನೋಡಿದಳು. ಮೊದಲನೆಯದು ಸೊಟ್ಟಗಾಯಿತು. ಎರಡನೆಯದು ಪರವಾಗಿಲ್ಲ. ಮೂರನೆಯದು ಅವನೇ ಬಂದು ಬರೆದಂತೆ ಬಂತು, ಕೊನೆಯ ಅಕ್ಷರದಿಂದ ಹಿಂದಕ್ಕೆ ತಿರುಗುವ ಬಾಲ ಸಮೇತ. ಶಾಯಿ ಇನ್ನೂ ಒದ್ದೆಯಾಗಿತ್ತು. ಅವಳು ಹಾಳೆಯನ್ನು ಅಲ್ಲೇ ಬಿಟ್ಟು ಹಿತ್ತಿಲಿಗೆ ಹೋಗಿ, ಬಾವಿಯ ನೀರು ಸೇದಿ ಮುಖ ತೊಳೆದುಕೊಂಡಳು.

ತಿರುಗಿ ಬಂದಾಗ ಹಾಳೆ ಶಕುಂತಲಮ್ಮನವರ ಕೈಯಲ್ಲಿತ್ತು. ಇಂಗ್ಲಿಷ್ ಅವರಿಗೆ ಬಾರದು. ಆದರೆ ಆ ಬಾಲ ಯಾರದೆಂದು ಗೊತ್ತು. ಹಾಳೆಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, “ಇದ್ಯಾವಾಗ ಬರದದ್ದು ನೀಲಾ? ನಂಗ್ಯಾಕ ತೋರಿಸ್ಲಿಲ್ಲ?” ಎಂದರು.

“ಅತ್ತೆ, ಅದು ಅವರು ಬರೆದದ್ದಲ್ಲ.”

“ನನ್ನ ಮಗನ ಸಹಿ ನಂಗ ಗೊತ್ತಿಲ್ಲೇನು? ಶಾಯಿ ನೋಡು, ಕೈಗೆ ಹತ್ತತಾ ಐತಿ.”

“ನಾನು ಬರೆದೆ. ಈಗ.”

ಶಕುಂತಲಮ್ಮ ಬೈಯಬಹುದೆಂದು ಅವಳು ಕಾದಳು. ಮದುವೆಯಾದ ಹೊಸತರಲ್ಲಿ, “ಗಂಡಾ ಹೆಂಡ್ತಿ ಕೂತು ಹೆಣ ಎಣಿಸೋ ಸಂಸಾರ ನಾ ಬ್ಯಾರೆಲ್ಲೂ ಕಂಡಿಲ್ಲ” ಎಂದು ಬೀದಿಯವರಿಗೆಲ್ಲ ಕೇಳುವಂತೆ ಆಡಿದ ಬಾಯಿ ಅದು. ಆದರೆ ಅವರು ಬೈಯಲಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿ, ಸೊಸೆಯ ಹತ್ತಿರ ಸರಿದು ಕೂತು, ದನಿ ತಗ್ಗಿಸಿದರು.

“ಹಂಗಾರ ಇನ್ನೊಂದ್ಸಲ ಬರಿ. ನಾ ನೋಡ್ತೀನಿ.”

ನೀಲಾಂಬಿಕ ಅವರ ಮುಖ ನೋಡಿದಳು. ಆ ಮುಖದಲ್ಲಿ ಆಸೆ ಇತ್ತು. ಇವತ್ತು ಬರೆದರೆ ನಾಳೆಯೂ ಕೇಳುವರು. ನಾಡಿದ್ದು ಕಾಗದ ಪೆನ್ನು ತಾವೇ ತಂದಿಡುವರು. ಸತ್ತವನನ್ನು ಇಬ್ಬರು ಹೆಂಗಸರು ದಿನಕ್ಕೊಂದು ಸಲ ಕರೆಸಿ ಕಳಿಸುತ್ತಾ ಇದೇ ಕೋಣೆಯಲ್ಲಿ ಮುದುಕಿಯರಾಗುವುದು ಅವಳಿಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು.

ಅವಳು ಎದ್ದು ಟ್ರಂಕು ತೆರೆದು ಪುಸ್ತಕವನ್ನು ಹೊರಗೆ ತೆಗೆದಳು.

“ಮಾವನಿಗೆ ಸುಳ್ಳು ಹೇಳಿದ್ದೆ ಅತ್ತೆ. ಇದನ್ನು ಕೊಟ್ಟು ಬರಬೇಕು.”

ಶಕುಂತಲಮ್ಮ ಹಾಳೆಯನ್ನು ನಾಲ್ಕಾಗಿ ಮಡಚಿ ಸೆರಗಿನ ತುದಿಯಲ್ಲಿ ಕಟ್ಟಿಕೊಂಡರು. “ಕೊಟ್ಟು ಬಾ. ಇದ ಮಾತ್ರ ನಾ ಕೊಡಂಗಿಲ್ಲ” ಎಂದರು.

ಮಾರನೆಯ ದಿನದ ಮೊದಲ ಬಸ್ಸಿಗೆ ಮಾವ ಸೊಸೆ ಹೊರಟರು. ಪುಸ್ತಕ ಕಂಡ ತೋಟಪ್ಪನವರು ಬಸ್ಸಿನಲ್ಲಿ ಕಿಟಕಿಯ ಬದಿಯ ಜಾಗ ಅವಳಿಗೆ ಬಿಟ್ಟುಕೊಟ್ಟರು, ಅಷ್ಟೆ. ಸೊರಬದಿಂದ ಗಾಡಿ ಮಾಡಿಕೊಂಡು ಹಳ್ಳಿ ಮುಟ್ಟುವ ಹೊತ್ತಿಗೆ ಬಿಸಿಲೇರಿತ್ತು. ಶಾಲೆಯ ಎದುರು ಬಂದಾಗ ತೋಟಪ್ಪನವರು ಗಾಡಿ ನಿಲ್ಲಿಸಿ ಇಳಿದರು. “ನೀ ಹೋಗಿರವ್ವ. ನಾ ಇಲ್ಲೇ ಸ್ವಲ್ಪ ಕುಂತಿರ್ತೀನಿ” ಎಂದರು.

ಪಟೇಲ್ ಜಟ್ಟಪ್ಪನವರ ಹೆಂಡತಿ ಹೂವಮ್ಮ ಅವಳನ್ನು ಕಂಡು ಅಂಗಳಕ್ಕೇ ಬಂದು ಕೈ ಹಿಡಿದುಕೊಂಡಳು. ಶಾಲೆಯಲ್ಲಿ ಆ ಕೊನೆಯ ಐದು ದಿನ ಮಲಗಿದ್ದವನಿಗೂ ಪಕ್ಕದಲ್ಲಿ ಕೂತಿದ್ದ ಇವಳಿಗೂ ಗಂಜಿ ಕಾಯಿಸಿ ತಂದುಕೊಟ್ಟವಳು ಅವಳೇ. ನೀಲಾಂಬಿಕಳ ಕಂಕುಳಲ್ಲಿದ್ದ ಪುಸ್ತಕ ಕಂಡದ್ದೇ ಒಳಗೆ ಕೂಗಿದಳು. “ನೋಡಿ, ಬಂತು ನಿಮ್ಮ ಪುಸ್ತಕ. ಇನ್ನಾದ್ರೂ ಆ ಬಾಗಿಲು ನಂಗೆ ಬಿಟ್ಟುಕೊಡಿ.” ಮತ್ತೆ ಇವಳ ಕಡೆ ತಿರುಗಿ, “ಎಂತ ಹೇಳೂದು ಅಮ್ಮಾ, ಯುಗಾದಿಗೂ ಬಾಗಿಲು ತೊಳೆಯಕ್ಕೆ ಬಿಡ್ಲಿಲ್ಲ. ಸರ್ಕಾರ ಅದೆ ಅದ್ರ ಮೇಲೆ ಅಂತಾರೆ” ಎಂದಳು.

ನಡುಮನೆಯ ಬಾಗಿಲಿನ ಒಳಮೈಯಲ್ಲಿ ಸೀಮೆಸುಣ್ಣದ ಸಾಲುಗಳಿದ್ದವು. ಪುಸ್ತಕ ಕೈಯಲ್ಲಿಲ್ಲದ ಮೂರು ತಿಂಗಳು ಊರಿನಲ್ಲಿ ಹುಟ್ಟಿದವರನ್ನು ಎಡಗಡೆ, ಸತ್ತವರನ್ನು ಬಲಗಡೆ ಜಟ್ಟಪ್ಪ ಅಲ್ಲಿ ಬರೆದಿಟ್ಟಿದ್ದರು. ಹುಟ್ಟಿದವರು ಮೂವರು. ಸತ್ತವರು ಐವರು. ಐದನೆಯ ಸಾಲಿನಲ್ಲಿ ಹೆಸರಿರಲಿಲ್ಲ. ‘ಇನ್‌ಸ್ಪೆಕ್ಟ್ರು, ಏಪ್ರಿಲ್ 2’ ಎಂದಷ್ಟೇ ಇತ್ತು. ಅವಳು ಟ್ರಂಕಿಗೆ ಬೀಗ ಹಾಕಿ ಕಾಯುತ್ತಿದ್ದಾಗ ಅವನು ಇಲ್ಲಿ, ಬಾಗಿಲ ಮೇಲೆ, ಎಂದೋ ಸತ್ತಿದ್ದ.

ಜಟ್ಟಪ್ಪ ಕನ್ನಡಕ ಏರಿಸಿಕೊಂಡು ಚಾಪೆಯ ಮೇಲೆ ಕೂತು ಪುಸ್ತಕ ಬಿಡಿಸಿದರು. “ಕೂತರೆ ನಂಗೆ ಆ ಬಾಗಿಲಿಂದು ಕಾಣ್ಸೂದಿಲ್ಲ. ನೀವೇ ಓದಿ ಅಮ್ಮಾ.”

ಅವಳು ಓದಿದಳು. ಜಟ್ಟಪ್ಪ ಬರೆದರು. ಒಂದೊಂದು ಸಾಲು ಮುಗಿದಂತೆ ಹೂವಮ್ಮ ಒದ್ದೆ ಬಟ್ಟೆಯಿಂದ ಅದನ್ನು ಒರೆಸಿದಳು. ಹುಟ್ಟಿದವರು ಬೇಗ ಮುಗಿದರು. ಸತ್ತವರಲ್ಲಿ ಮೊದಲನೆಯ ಹೆಸರು ಮಾಸ್ತಮ್ಮ, ವಯಸ್ಸು ಮೂವತ್ತು. ಜಟ್ಟಪ್ಪನವರ ಲೇಖನಿ ಕಾರಣದ ಮನೆಯಲ್ಲಿ ‘ಜ್ವ’ ಎಂದು ಬರೆಯುವಾಗ ನೀಲಾಂಬಿಕ ತಡೆದಳು.

“ಎಷ್ಟು ದಿನದ ಜ್ವರ ಪಟೇಲ್ರೇ?”

“ಎಂಟೋ ಒಂಬತ್ತೋ.”

“ರಕ್ತ ಬಂದಿತ್ತಾ?”

“ಮೂಗಲ್ಲಿ ಬಂದಿತ್ತು” ಎಂದಳು ಹೂವಮ್ಮ. “ಸೊಪ್ಪಿಗೆ ಅಂತ ಕಾಡಿಗೆ ಹೋಗಿದ್ಲು. ಅಲ್ಲಿ ಮಂಗ ಸತ್ತು ಬಿದ್ದಿತ್ತಂತೆ.”

“ಹಾಗೇ ಬರೀರಿ.”

“ಇಷ್ಟು ಸಣ್ಣ ಮನೇಲಿ ಅಷ್ಟೆಲ್ಲ ಹಿಡೀತದಾ?”

“ಸಣ್ಣಗೆ ಬರೀರಿ.”

ಜಟ್ಟಪ್ಪ ಸಣ್ಣಗೆ ಬರೆದರು. ಎರಡನೆಯವನು ಬಿದ್ದು ಸತ್ತ ಮುದುಕ. ಮೂರನೆಯವನಿಗೂ ನಾಲ್ಕನೆಯವಳಿಗೂ ಜ್ವರ. ಅವಳು ಅವೇ ಪ್ರಶ್ನೆ ಕೇಳಿದಳು, ಗಂಡ ಹೆಂಡತಿ ಇಬ್ಬರೂ ನೆನಪು ಮಾಡಿಕೊಂಡು ಹೇಳಿದರು. ಬಾಗಿಲ ಮೇಲೆ ಒಂದೇ ಸಾಲು ಉಳಿಯಿತು. ಅವಳು ಗಂಡನ ಹೆಸರನ್ನು, ಅಪ್ಪನ ಹೆಸರನ್ನು, ಊರನ್ನು ಹೇಳಿದಳು. ವಯಸ್ಸು ಇಪ್ಪತ್ತೊಂಬತ್ತು ಎಂದಳು.

ಜಟ್ಟಪ್ಪ ಅಷ್ಟನ್ನೂ ಬರೆದು ಕಾರಣದ ಮನೆಗೆ ಬಂದು ನಿಂತರು. ಮೂರು ಸಲ ಕೇಳಿ ಅವರಿಗೆ ಈಗ ಪ್ರಶ್ನೆ ಬಾಯಿಗೆ ಬಂದಿತ್ತು.

“ಎಷ್ಟು ದಿನ ಅಮ್ಮಾ?”

“ಒಂಬತ್ತು.”

“ರಕ್ತ?”

“ಒಸಡಿನಲ್ಲಿ. ಏಳನೆಯ ದಿನದಿಂದ.”

“ಕಾಡು?”

“ಹೋಗಿದ್ದರು. ಸತ್ತ ಮಂಗಗಳನ್ನು ಎಣಿಸಲಿಕ್ಕೆ.”

ಲೇಖನಿ ಕರಕರ ಎಂದಿತು. ಅವಳು ಬಲಗಡೆಯಿಂದ ಆ ದನಿ ಕೇಳುವುದೇನೋ ಎಂದು ಕಾದಳು. ಬಟ್ಟೆ ಹಿಂಡಿದ ನೀರು ಹೊಸ್ತಿಲ ಮೇಲೆ ತೊಟ್ಟಿಕ್ಕುವುದಷ್ಟೇ ಕೇಳಿಸಿತು. ಹೂವಮ್ಮ ಬಟ್ಟೆ ಹಿಡಿದು ಇವಳ ಮುಖವನ್ನೇ ನೋಡುತ್ತಿದ್ದಳು. ನೀಲಾಂಬಿಕ ತಲೆಯಾಡಿಸಿದಳು. ಹೂವಮ್ಮ ಒರೆಸಿದಳು.

ಜಟ್ಟಪ್ಪ ಕಚೇರಿಗೆ ಬೇಕಾದ ಚೀಟಿ ಬರೆದು ಸಹಿ ಮಾಡಿ ಕೊಟ್ಟು, ಶಾಯಿ ಒಣಗಲಿ ಎಂದು ಪುಸ್ತಕವನ್ನು ಬಿಡಿಸಿಯೇ ಇಟ್ಟರು. “ಇವತ್ತೇ ಕೊಡಿ, ನಾಳೆ ನಕಲು ಸಿಕ್ತದೆ. ಎಂತಕ್ಕೆ ಬೇಕಿತ್ತು ಅಮ್ಮಾ?”

“ಕಲ್ಕತ್ತೆಯಲ್ಲಿ ಓದಲಿಕ್ಕೆ ಅರ್ಜಿ ಹಾಕಿದ್ದೇನೆ. ಸಿಗುತ್ತದೋ ಇಲ್ಲವೋ ಜೂನಿಗೆ ಗೊತ್ತಾಗುತ್ತದೆ.”

“ಎಂತ ಓದು?”

“ಇದೇ” ಎಂದಳು ಪುಸ್ತಕ ತೋರಿಸಿ.

ಪುಸ್ತಕದ ಹಿಂದಿನ ರಟ್ಟಿನೊಳಗೆ ಅವಳ ಗೆರೆಗಳ ಹಾಳೆ ಮಡಚಿಟ್ಟದ್ದು ಇನ್ನೂ ಇತ್ತು. ಅವಳು ಅದನ್ನು ಹೊರಗೆ ತೆಗೆದು, ಏಪ್ರಿಲ್ ತಿಂಗಳ ಖಾಲಿ ಮನೆಯಲ್ಲಿ ಪೆನ್ಸಿಲಿನಿಂದ ನೆಟ್ಟಗೆ ಒಂದೇ ಒಂದು ಗೆರೆ ಎಳೆದಳು. ಹಾಳೆಯನ್ನು ಚೀಟಿಯ ಜೊತೆ ತನ್ನ ಚೀಲಕ್ಕೆ ಹಾಕಿಕೊಂಡಳು. ಶಾಯಿ ಒಣಗಿತ್ತು. ಪುಸ್ತಕವನ್ನು ಮುಚ್ಚಿ, ಎರಡೂ ಕೈಯಲ್ಲಿ ಹಿಡಿದು ಜಟ್ಟಪ್ಪನವರ ಕೈಗೆ ಕೊಟ್ಟಳು.

“ಎಂಟು ದಿನ ಅಂದಿದ್ದರು. ತಡವಾಯಿತು ಪಟೇಲ್ರೇ.”