ಎಂಟು ಮಹಡಿಯ ಹಕ್ಕಿ

ಆ ಮನೆಗೆ ಯಾರೇ ಬರಲಿ, ಬಾಗಿಲು ದಾಟುತ್ತಲೇ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳಬೇಕಿತ್ತು. ನೀರಿನ ಮೀಟರ್ ನೋಡಲು ಬಂದವನಿಗೂ ಅದೇ ನಿಯಮ, ಯಜಮಾನರ ಒಡಹುಟ್ಟಿದ ತಂಗಿಗೂ ಅದೇ ನಿಯಮ. ಒಳಗೋಡೆಗೆ ಹೊಡೆದ ತಗಡಿನ ಮೇಲೆ 'ಕಣ್ಣಿಗೆ ಮಾತ್ರ' ಎಂದು ಅವರೇ ಕೆಂಪು ಬಣ್ಣದಲ್ಲಿ ಬರೆದಿದ್ದರು. ಅಕ್ಷರಗಳು ಸೊಟ್ಟಗಿದ್ದವು, ನಿಯಮ ಮಾತ್ರ ನೆಟ್ಟಗಿತ್ತು.

ಯಜಮಾನರು ಲಿಫ್ಟ್ ಮೆಕ್ಯಾನಿಕ್. ಮೂವತ್ತಾರು ವರ್ಷ ಎತ್ತರದ ಕಟ್ಟಡಗಳ ಲಿಫ್ಟುಗಳನ್ನು ರಿಪೇರಿ ಮಾಡಿ ನಿವೃತ್ತರಾದವರು. ಲಿಫ್ಟಿಗೂ ಮಹಡಿಯ ನೆಲಕ್ಕೂ ನಡುವೆ ಎರಡು ಬೆರಳಗಲದ ಸಂದು ಇರುತ್ತದಲ್ಲ, ಜನರ ಕೈಯಿಂದ ಜಾರಿದ್ದೆಲ್ಲ ಅದರಲ್ಲಿ ತೂರಿ ತಳದ ಗುಂಡಿಗೆ ಬೀಳುತ್ತದೆ. ಆ ಗುಂಡಿಗೆ ಇಳಿಯುವ ಹಕ್ಕು ಮೆಕ್ಯಾನಿಕ್‌ಗೆ ಮಾತ್ರ. ಸಿಕ್ಕಿದ್ದನ್ನು ಒರೆಸಿ, ಲಿಫ್ಟಿನ ಪಕ್ಕದಲ್ಲಿ ಒಂದು ಚೀಟಿ ಅಂಟಿಸಿ, ತಿಂಗಳು ಕಾದು, ಯಾರೂ ಕೇಳದಿದ್ದರೆ ಮನೆಗೆ ತರುತ್ತಿದ್ದರು. ಹಾಗೆ ಬಂದವು ಬೀಗವಿಲ್ಲದ ಅರವತ್ತು ಕೀಲಿಗಳು, ಚದುರಂಗದ ಒಂದು ಕುದುರೆ, ಒಂಟಿ ಓಲೆಗಳು, ಕಾಲಿಲ್ಲದ ಕನ್ನಡಕಗಳು, ಯಾರದೋ ಮೇಲ್ದವಡೆಯ ಹಲ್ಲಿನ ಸೆಟ್ಟು. ಹಲ್ಲಿನ ಸೆಟ್ಟಿಗೆ ಮಾತ್ರ ಎರಡು ತಿಂಗಳು ಕಾದಿದ್ದರು, ಪಾಪ, ಕಳೆದುಕೊಂಡವರು ನಾಚಿಕೊಂಡಿರಬಹುದೆಂದು. ಗುಂಡಿಯ ರುಚಿ ಹತ್ತಿದ ಮೇಲೆ ಹಳೇ ಸಾಮಾನಿನ ಅಂಗಡಿಗಳಿಗೆ ಅಲೆಯುವುದೂ ಶುರುವಾಯಿತು. ಬಾಗಿಲ ಹಿಡಿಗಳು, ಗಂಟೆಗಳು, ಶಾಯಿ ಬುಡ್ಡಿಗಳು, ಓಡದ ಅಲಾರಂಗಳು ಬಂದು ಸೇರಿದವು. ಮನೆಯಲ್ಲಿ ಏಳು ಗಾಜಿನ ಕಪಾಟುಗಳಾದವು, ಗಂಡ ಹೆಂಡತಿ ಮಲಗುವ ಕೋಣೆಯೊಳಗೂ ಎರಡು.

ಅವುಗಳನ್ನು ಮುಟ್ಟುವ ಅಧಿಕಾರ ಇದ್ದದ್ದು ಒಬ್ಬಳಿಗೇ, ಅವರ ಹೆಂಡತಿಗೆ. ಪ್ರತಿ ಶನಿವಾರ ಅವಳು ಮೆತ್ತನೆಯ ಬಟ್ಟೆ ಹಿಡಿದು ಒಂದೊಂದನ್ನೇ ಎತ್ತಿ, ಒರೆಸಿ, ಇದ್ದ ಜಾಗದಲ್ಲೇ ಇಡುತ್ತಿದ್ದಳು. ಯಜಮಾನರು ಮಾತ್ರ ಕೈ ಹಿಂದೆ ಕಟ್ಟಿಕೊಂಡು ನಿಂತು ನೋಡುತ್ತಿದ್ದರು. ತಮ್ಮ ಬೆರಳಿನ ಗ್ರೀಸು ಜನ್ಮದಲ್ಲಿ ಹೋಗುವುದಿಲ್ಲ, ಮುಟ್ಟಿದ್ದಕ್ಕೆಲ್ಲ ಮೆತ್ತಿಕೊಳ್ಳುತ್ತದೆ ಎಂಬುದು ಅವರ ನಂಬಿಕೆ. ನಿವೃತ್ತರಾಗಿ ಏಳು ವರ್ಷವಾದರೂ ಆ ನಂಬಿಕೆ ನಿವೃತ್ತವಾಗಿರಲಿಲ್ಲ.

ಈ ಎಲ್ಲದರ ನಡುವೆ, ಏಳನೆಯ ಕಪಾಟಿನ ಮಧ್ಯದಲ್ಲಿ, ಒಂದು ಹಕ್ಕಿ ಕೂತಿತ್ತು. ಹೆಬ್ಬೆರಳಿನ ಗಾತ್ರದ ಬಿಳಿ ಪಿಂಗಾಣಿ ಹಕ್ಕಿ, ಹಳದಿ ಕೊಕ್ಕು. ಕೆಲಸಕ್ಕೆ ಸೇರಿದ ಮೊದಲ ವಾರ ಗುಂಡಿಯಲ್ಲಿ ಸಿಕ್ಕಿದ ಮೊದಲ ವಸ್ತು ಅದು. ಎಂಟನೆಯ ಮಹಡಿಯಿಂದ ಬಿದ್ದಿತ್ತು, ಒಡೆದಿರಲಿಲ್ಲ. ಎಡ ರೆಕ್ಕೆಯ ಕೆಳಗೆ ಉಗುರು ಕೂರುವಷ್ಟು ಒಂದು ಕಚ್ಚು ಬಿದ್ದಿತ್ತು, ಅಷ್ಟೆ. ಕಪಾಟು ಮಾಡಿಸುವ ತನಕ, ಇಡೀ ಒಂದು ವರ್ಷ, ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ತಿರುಗಿದ್ದರು. ಕೇಬಲ್ ಮೇಲೆ ನೇತಾಡುವಾಗ ಭಯವಾದರೆ ಜೇಬಿಗೆ ಕೈ ಹಾಕಿ ಆ ಕಚ್ಚಿನಲ್ಲಿ ಉಗುರಿಡುತ್ತಿದ್ದರಂತೆ. ಬಂದವರಿಗೆಲ್ಲ ಈ ಕಥೆ ಹೇಳದೆ ಬಿಡುತ್ತಿರಲಿಲ್ಲ. ಹೆಂಡತಿಗಂತೂ ಅದು ಬಾಯಿಪಾಠವಾಗಿ ಹೋಗಿತ್ತು.

ಕಥೆ ಹೇಳುವಾಗಲೆಲ್ಲ ಅವಳು ಏನೋ ನೆಪ ಹುಡುಕಿ ಅಡುಗೆಮನೆಗೆ ಹೋಗುತ್ತಿದ್ದಳು. ಯಾಕೆಂದರೆ ಎಂಟು ಮಹಡಿಯಿಂದ ಬಿದ್ದು ಬದುಕಿದ ಆ ಹಕ್ಕಿ, ಇಪ್ಪತ್ತೆರಡು ವರ್ಷಗಳ ಹಿಂದೆ ಒಂದು ಶನಿವಾರ, ಅವಳ ಕೈಯಿಂದ, ಬರೀ ಸೊಂಟದೆತ್ತರದಿಂದ, ಜಾರಿ ಬಿದ್ದು ನುಚ್ಚುನೂರಾಗಿತ್ತು.

ಅವತ್ತೇ ಹೇಳಿಬಿಡಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಅವತ್ತು ಹೇಳಲು ಯಜಮಾನರು ಮನೆಯಲ್ಲಿರಲಿಲ್ಲ. ಅವರ ಜೊತೆಗೇ ಕೆಲಸಕ್ಕೆ ಸೇರಿ ಜೊತೆಗೇ ತಲೆ ನೆರೆಸಿಕೊಳ್ಳುತ್ತಿದ್ದ ಗೆಳೆಯ, ಎಲ್ಲರ ಬಾಯಲ್ಲಿ ದಪ್ಪಣ್ಣ, ಮೂರನೆಯ ಮಹಡಿಯಿಂದ ಕಾಲು ತಪ್ಪಿ ಅದೇ ಥರದ ಒಂದು ಗುಂಡಿಗೆ ಬಿದ್ದಿದ್ದ. ಹನ್ನೊಂದು ದಿನ ಯಜಮಾನರು ಆಸ್ಪತ್ರೆಯ ಬೆಂಚಿನ ಮೇಲೇ ಕಳೆದರು. ಆ ಹನ್ನೊಂದು ದಿನದಲ್ಲಿ ಅವಳು ಹಳೇ ಸಾಮಾನಿನ ಅಂಗಡಿಗಳನ್ನು ಒಂದೂ ಬಿಡದೆ ಜಾಲಾಡಿ, ಹೆಚ್ಚುಕಮ್ಮಿ ಅಂಥದೇ ಒಂದು ಹಕ್ಕಿ ತಂದು, ಕೊಕ್ಕಿಗೆ ಹಳದಿ ಬಳಿದು ಅದೇ ಜಾಗದಲ್ಲಿ ಕೂರಿಸಿದಳು. ಚೂರುಗಳನ್ನು ಪೇಪರಿನಲ್ಲಿ ಸುತ್ತಿ ಮೂರು ಬೀದಿ ಆಚೆಯ ಕಸದ ತೊಟ್ಟಿಗೆ ಹಾಕಿ ಬಂದಳು. ಅವರು ಬಂದ ಮೇಲೆ ಸಮಯ ನೋಡಿ ಹೇಳಿದರಾಯಿತು ಎಂದುಕೊಂಡಿದ್ದಳು. ಹನ್ನೆರಡನೆಯ ದಿನ, ದಪ್ಪಣ್ಣನನ್ನು ಮಣ್ಣು ಮಾಡಿ ಬಂದ ಯಜಮಾನರು ಕೈಕಾಲು ಸಹ ತೊಳೆಯದೆ ಕಪಾಟಿನ ಮುಂದೆ ನಿಂತರು. "ಬಿದ್ದೂ ಉಳಿದಿದ್ದು ಇದೊಂದೇ ನೋಡು," ಅಂದರು. ಅವಳ ಬಾಯಿಗೆ ಅವತ್ತು ಬಿದ್ದ ಬೀಗ ಇಪ್ಪತ್ತೆರಡು ವರ್ಷ ತೆರೆಯಲಿಲ್ಲ.

ಕಣ್ಣಿಗೆ ಹಕ್ಕಿಯಲ್ಲಿ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಕಚ್ಚು ಇದ್ದದ್ದು ರೆಕ್ಕೆಯ ಅಡಿಯಲ್ಲಿ, ನೋಡುವವರಿಗೆ ಕಾಣದ ಕಡೆ. ಕೈಗೆ ತೆಗೆದುಕೊಂಡರೆ ಮಾತ್ರ ಅಜಗಜಾಂತರ. ಹಳೆಯದು ಗೋಲಿಯ ಹಾಗೆ ಗಟ್ಟಿ, ಇದು ಒಳಗೆ ಟೊಳ್ಳು. ಆದರೆ ಅದನ್ನು ಕೈಗೆ ತೆಗೆದುಕೊಳ್ಳುವವರು ಯಾರಿದ್ದರು, ಅವಳೊಬ್ಬಳನ್ನು ಬಿಟ್ಟು?

ಹೀಗಿರುವಾಗ ಯಜಮಾನರು ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಳ್ಳಲು ಶುರುಮಾಡಿದರು. ಪಕ್ಕದಲ್ಲಿಟ್ಟ ಲೋಟ ಕಾಣದೆ ತಟ್ಟಿ ಬೀಳಿಸಿದರು. ಕಣ್ಣಿನ ಡಾಕ್ಟರ್ ಬೆಳಕು ಬಿಟ್ಟು ನೋಡಿ, ಕಣ್ಣಿನೊಳಗೆ ಒತ್ತಡ ಜಾಸ್ತಿಯಾಗಿ ನರ ಒಣಗಿದೆ ಎಂದರು. ಸುತ್ತಲಿನ ನೋಟ ಆಗಲೇ ಹೋಗಿತ್ತು. ನಡುವೆ ಕೊಳವೆಯಲ್ಲಿ ಕಂಡಷ್ಟು ಉಳಿದಿತ್ತು, ಅದೂ ಇನ್ನಾರು ತಿಂಗಳೋ ಎಂಟು ತಿಂಗಳೋ. ಹೋದದ್ದನ್ನು ತರುವ ಔಷಧಿ ಇಲ್ಲ ಎಂದು ಡಾಕ್ಟರ್ ತಮ್ಮ ಪೆನ್ನಿನ ಕಡೆ ನೋಡುತ್ತ ಹೇಳಿದರು. ಅವಳು ಸೆರಗು ಬಾಯಿಗಿಟ್ಟುಕೊಂಡಳು.

ಯಜಮಾನರು ಮನೆಗೆ ಬಂದು ಎರಡು ದಿನ ಒಂದು ಕಪಾಟಿನಿಂದ ಇನ್ನೊಂದಕ್ಕೆ ಓಡಾಡಿದರು. ಮೂರನೆಯ ದಿನ ಬೆಳಿಗ್ಗೆ ಸೀಮೆಎಣ್ಣೆಯಿಂದ ಒಮ್ಮೆ, ಸೋಪಿನಿಂದ ಮೂರು ಸಲ ಕೈ ತೊಳೆದರು. ಸ್ಕ್ರೂಡ್ರೈವರ್ ತಂದು 'ಕಣ್ಣಿಗೆ ಮಾತ್ರ' ತಗಡನ್ನು ಗೋಡೆಯಿಂದ ಬಿಚ್ಚಿದರು.

"ಬೆಳಕಿರೋವಾಗ್ಲೇ ಎಲ್ಲಾನೂ ಕೈಗೆ ಕಲಿಸ್ಕೋತೀನಿ," ಅಂದರು. "ವಾರಕ್ಕೊಂದು ಕಪಾಟು. ಆಮೇಲೆ ಕತ್ತಲಾದ್ರೂ ಒಂದೊಂದೂ ನನಗೆ ಗೊತ್ತಾಗುತ್ತೆ. ನೀನೇನೂ ಅಳ್ಬೇಡ."

ಅವಳು ಅಳಲಿಲ್ಲ, ಅಳಲು ಪುರಸೊತ್ತೆಲ್ಲಿ? ಏಳನೆಯ ಕಪಾಟಿಗೆ ಏಳು ವಾರ ಎಂದು ಬೆರಳು ಮಡಿಚುತ್ತಿದ್ದಳು.

ಮೊದಲ ಕಪಾಟಿನಲ್ಲಿ ಕೀಲಿಗಳು. ಅವರು ಕಣ್ಣು ಮುಚ್ಚಿ ಒಂದೊಂದು ಕೀಲಿಯ ಹಲ್ಲು ಸವರಿ, ಇದು ಇಂಥ ಕಟ್ಟಡದ್ದು, ಇದು ಇಂಥ ವರ್ಷದ್ದು ಎನ್ನುತ್ತಿದ್ದರು. ತಪ್ಪಾದರೆ ಕಣ್ಣು ತೆರೆದು ನೋಡಿ ಮತ್ತೆ ಮುಚ್ಚುತ್ತಿದ್ದರು. ವಾರ ಕಳೆಯುವಷ್ಟರಲ್ಲಿ ಅರವತ್ತಕ್ಕೆ ಅರವತ್ತೂ ಸರಿಯಾದವು. ಮದುವೆಯಾದಾಗಿನಿಂದ ಅವಳು ಅವರನ್ನು ಇಷ್ಟು ಖುಷಿಯಲ್ಲಿ ಕಂಡದ್ದು ಕಡಿಮೆ. ಕಣ್ಣು ಹೋಗುತ್ತಿರುವ ಮನುಷ್ಯ ಶಿಳ್ಳೆ ಹಾಕಿಕೊಂಡು ಓಡಾಡುತ್ತಿದ್ದ. ಈ ಮನುಷ್ಯನಿಗೆ ಈಗ ಹೋಗಿ ಏನೆಂದು ಹೇಳುವುದು?

ಮೂರನೆಯ ವಾರ ಅವಳು ಹಕ್ಕಿ ಕೊಂಡ ಅಂಗಡಿಯನ್ನು ಹುಡುಕಿಕೊಂಡು ಹೋದಳು. ಅದಿದ್ದ ಜಾಗದಲ್ಲಿ ಬಸ್ಸುಗಳು ನಿಂತಿದ್ದವು. ಬೇರೆ ಅಂಗಡಿಗಳಲ್ಲಿ ಪಿಂಗಾಣಿಯ ನಾಯಿ ಇತ್ತು, ಬೆಕ್ಕಿತ್ತು, ಹಕ್ಕಿ ಇರಲಿಲ್ಲ. ಐದನೆಯ ವಾರ, ಅವರು ಮಲಗಿದ್ದ ಮಧ್ಯಾಹ್ನ, ಅವರದೇ ಕಬ್ಬಿಣ ಉಜ್ಜುವ ಅರ ತೆಗೆದುಕೊಂಡು ಅಡುಗೆಮನೆಯಲ್ಲಿ ಕೂತು ಹಕ್ಕಿಯ ರೆಕ್ಕೆಯ ಅಡಿಗೆ ಉಜ್ಜಿದಳು. ನುಣುಪಿನ ಮೇಲೆ ಅರ ಜಾರಿ ಅವಳ ಬೆರಳು ಕುಯ್ದಿತು, ಹಕ್ಕಿಗೆ ಕೂದಲೆಳೆಯಷ್ಟೂ ಗೀರಾಗಲಿಲ್ಲ. ರಕ್ತ ಒರೆಸಿ ಹಕ್ಕಿಯನ್ನು ವಾಪಸ್ಸು ಇಟ್ಟಳು. ಬೆರಳಿಗೆ ಏನಾಯಿತೆಂದು ಅವರು ಕೇಳಿದ್ದಕ್ಕೆ ಎದ್ದು ಅಡುಗೆಮನೆಗೆ ಹೋದಳು.

ಕೊನೆಗೆ ತಡೆಯಲಾರದೆ ನಾದಿನಿಯ ಮುಂದೆ ಎಲ್ಲ ಬಾಯಿಬಿಟ್ಟಳು. ನಾದಿನಿ ಮಾತಿಗೊಂದು ನಗು ನಗುವ ಹೆಂಗಸು, ಅವತ್ತು ನಗಲಿಲ್ಲ. ಬಾಯಿ ಮುಚ್ಚಿಕೊಂಡಿರುವುದೇ ಒಳ್ಳೆಯದು, ನಲವತ್ತು ವರ್ಷದಿಂದ ಮುಟ್ಟದ ಹಕ್ಕಿಯ ತೂಕ ಅಣ್ಣನಿಗೆ ಎಲ್ಲಿ ನೆನಪಿರುತ್ತದೆ ಎಂದಳು. ಅವಳಿಗೆ ಅದು ಹೌದೆನ್ನಿಸಲಿಲ್ಲ. ಆದರೂ ಮುಳುಗುವವಳು ಸಿಕ್ಕಿದ್ದನ್ನು ಹಿಡಿಯುವ ಹಾಗೆ ಅದನ್ನೇ ಹಿಡಿದುಕೊಂಡಳು.

ಏಳನೆಯ ವಾರ ಬಂತು. ಯಜಮಾನರು ಹಕ್ಕಿಯನ್ನು ಕೊನೆಗೆ ಉಳಿಸಿಕೊಂಡಿದ್ದರು, ಮಕ್ಕಳು ಇಷ್ಟದ ತಿಂಡಿಯನ್ನು ತಟ್ಟೆಯ ಅಂಚಿಗೆ ಸರಿಸಿಟ್ಟುಕೊಳ್ಳುತ್ತಾರಲ್ಲ, ಹಾಗೆ. ಶನಿವಾರ ಬೆಳಿಗ್ಗೆ ಕುರ್ಚಿ ಎಳೆದುಕೊಂಡು ಕೂತು, ಕಣ್ಣು ಮುಚ್ಚಿ, ಅಂಗೈ ಚಾಚಿದರು.

"ಕೊಡೆ," ಅಂದರು. "ಇದಕ್ಕೇನೂ ಕಲೀಬೇಕಾಗಿಲ್ಲ."

ಅವಳು ಕೊಟ್ಟಳು. ಇನ್ನೇನು ಮಾಡಲು ಸಾಧ್ಯವಿತ್ತು?

ಹಕ್ಕಿ ಅಂಗೈಗೆ ಬಿದ್ದ ಕ್ಷಣವೇ ಅವರ ಹುಬ್ಬು ಕೂಡಿತು. ಬೆರಳು ಮಡಿಚಿ ತೂಗಿ ನೋಡಿದರು. ಹೆಬ್ಬೆರಳ ಉಗುರು ಎಡ ರೆಕ್ಕೆಯ ಕೆಳಗೆ ಹೋಯಿತು, ಜಾರಿತು, ಮತ್ತೆ ಹೋಯಿತು. ಬಲ ರೆಕ್ಕೆಯ ಕೆಳಗೆ ಹುಡುಕಿದರು. ತಿರುಗಿಸಿ ಮತ್ತೆ ಎಡಕ್ಕೆ ಬಂದರು. ಅವಳು ಕಪಾಟಿನ ಬಾಗಿಲು ಹಿಡಿದು ನಿಂತಿದ್ದಳು. ಬೈಯಲಿ, ಕೂಗಾಡಲಿ, ಎಂಥವಳೆ ನೀನು ಎಂದು ಕೇಳಲಿ, ಅದಕ್ಕೆಲ್ಲ ಅವಳು ತಯಾರಾಗಿದ್ದಳು.

ಯಜಮಾನರು ಹಕ್ಕಿಯನ್ನು ತೊಡೆಯ ಮೇಲಿಟ್ಟುಕೊಂಡು ತಮ್ಮ ಬೆರಳುಗಳನ್ನು ಒಂದಕ್ಕೊಂದು ಉಜ್ಜಿ ನೋಡಿದರು.

"ಬೆರಳೂ ಹೋಯ್ತು ಕಣೆ," ಅಂದರು.

ಇದೊಂದಕ್ಕೆ ಅವಳು ತಯಾರಾಗಿರಲಿಲ್ಲ. ಅವರು ಮೆಲ್ಲಗೆ, ಲೆಕ್ಕ ಒಪ್ಪಿಸುವವರ ಹಾಗೆ ಹೇಳುತ್ತ ಹೋದರು. ತೂಕ ಗೊತ್ತಾಗುತ್ತಿಲ್ಲ, ಕಚ್ಚು ಸಿಗುತ್ತಿಲ್ಲ, ಈ ಹಕ್ಕಿಯೇ ಗೊತ್ತಾಗದ ಕೈಗೆ ಮಿಕ್ಕಿದ್ದೆಲ್ಲ ಗೊತ್ತಾಗಿದ್ದು ಬರೀ ಭ್ರಮೆ, ಕಣ್ಣು ನೋಡಿ ಹೇಳಿದ್ದನ್ನು ಕೈ ಹೇಳಿತೆಂದುಕೊಂಡೆ ಎಂದರು. ಏಳು ವಾರದ ಶಿಳ್ಳೆ ಅವರ ಮುಖದಿಂದ ಇಳಿದು ಹೋಗುವುದನ್ನು ಅವಳು ಕಣ್ಣಾರೆ ಕಂಡಳು.

ಆಗ ಅವಳ ಬಾಯಿಯ ಬೀಗ ತಾನಾಗಿ ಬಿಚ್ಚಿತು. ಅವರ ಕಾಲ ಬಳಿ ಕುಸಿದು ಕೂತು, ಶನಿವಾರ, ಬಟ್ಟೆ, ನೆಲಕ್ಕೆ ಬಿದ್ದ ಸದ್ದು, ಹನ್ನೊಂದು ದಿನದ ಅಲೆದಾಟ, ಕೊಕ್ಕಿಗೆ ಬಳಿದ ಹಳದಿ, ಎಲ್ಲವನ್ನೂ ಹೇಳಿದಳು. "ನಿಮ್ಮ ಕೈ ಸರಿಯಾಗಿದೆ ರೀ. ಹಕ್ಕಿನೇ ಬೇರೆ. ನಾನು ಒಡೆದೆ," ಎಂದು ಅವರ ಎರಡೂ ಕೈ ಹಿಡಿದುಕೊಂಡಳು.

ಯಜಮಾನರು ಕೊನೆಯ ತನಕ ಕೇಳಿದರು. ಆಮೇಲೆ ಅವಳ ತಲೆ ಸವರಿದರು.

"ಎಷ್ಟು ಚೆನ್ನಾಗಿ ಕಥೆ ಕಟ್ಟಿದ್ದೀಯಲ್ಲೇ," ಅಂದರು. "ನಲವತ್ತೊಂದು ವರ್ಷದಲ್ಲಿ ನೀನು ನನಗೆ ಒಂದು ಸುಳ್ಳು ಹೇಳಿಲ್ಲ. ಈಗ ನನ್ನ ಸಮಾಧಾನಕ್ಕೆ ಅಂತ ಶುರು ಮಾಡ್ಬೇಡ."

ಅವಳು ನಿಮ್ಮ ತಂಗಿಯನ್ನು ಕೇಳಿ ಎಂದಳು. ಅವಳಿಗೂ ಹೇಳಿಕೊಟ್ಟಿದ್ದೀಯಾ ಎಂದು ನಕ್ಕರು. ರೆಕ್ಕೆಯ ಅಡಿಯನ್ನು ಅವರ ಕಣ್ಣ ಮುಂದೆ ಹಿಡಿದಳು, ಬಿಳಿಯ ಮೇಲಿನ ಬಿಳಿ ಕಚ್ಚು ಈ ಕಣ್ಣಿಗೆ ಎಲ್ಲಿ ಕಾಣಬೇಕು ಎಂದರು. ಅಂಗಡಿಯೆಂದಳು, ಅಂಗಡಿ ಇರಲಿಲ್ಲ. ಚೂರುಗಳೆಂದಳು, ಚೂರುಗಳನ್ನು ಮೂರು ಬೀದಿ ಆಚೆ ಬಿಸಾಕಿ ಬಂದ ತನ್ನ ಜಾಣತನಕ್ಕೆ ಬೆಂಕಿ ಹಾಕಬೇಕೆನ್ನಿಸಿತು. ಹಕ್ಕಿಯನ್ನು ಎತ್ತಿ ನೆಲಕ್ಕೆ ಬಡಿಯಲು ಕೈ ಎತ್ತಿದಳು. ಬಡಿದರೆ ಇದು ಒಡೆಯುತ್ತದೆ, ಆದರೆ ತಮ್ಮ ಸಮಾಧಾನಕ್ಕೆ ಅಸಲಿಯನ್ನೇ ಒಡೆದಳು ಎಂದುಕೊಳ್ಳುತ್ತಾರೆ, ಇದರಿಂದ ಏನು ಸಾಬೀತಾದಂತಾಯಿತು? ಎತ್ತಿದ ಕೈ ಇಳಿಸಿ ಹಕ್ಕಿಯನ್ನು ಕಪಾಟಿನಲ್ಲಿಟ್ಟಳು.

ಅವತ್ತಿನಿಂದ ಯಜಮಾನರು ಏನನ್ನೂ ಮುಟ್ಟಲಿಲ್ಲ. ಕೀಲಿಗಳನ್ನೂ ಮುಟ್ಟಲಿಲ್ಲ. ಕೈಗಳು ತಾವಾಗಿ ಬೆನ್ನ ಹಿಂದಕ್ಕೆ ಹೋಗಿ ಕೂತವು. ತಿಂಗಳುಗಳು ಕಳೆದ ಹಾಗೆ ನೋಟದ ಕೊಳವೆ ಸಣ್ಣದಾಗುತ್ತ ಹೋಗಿ ಒಂದು ದಿನ ಮುಚ್ಚಿಕೊಂಡಿತು. ಆದರೂ ಪ್ರತಿ ಶನಿವಾರ ಅವಳು ಬಟ್ಟೆ ಹಿಡಿದು ಹೊರಟರೆ ಹೆಜ್ಜೆ ಎಣಿಸಿಕೊಂಡು ಹಿಂದೆ ಬರುತ್ತಿದ್ದರು. ಏಳನೆಯ ಕಪಾಟಿನ ಮುಂದೆ ನಿಂತು, ಕಚ್ಚು ಇದೆಯಾ ನೋಡು ಎಂದು ಕೇಳುತ್ತಿದ್ದರು. ಅವಳು ಇಲ್ಲವೆನ್ನುತ್ತಿದ್ದಳು. ಬೇಡಿಕೊಂಡು ಹೇಳಿದಳು, ಸಿಟ್ಟಿನಿಂದ ಹೇಳಿದಳು, ಆಣೆ ಮಾಡಿ ಹೇಳಿದಳು. ಅವರು ತಲೆಯಾಡಿಸಿ, ಇನ್ನೂ ಹಠ ಬಿಟ್ಟಿಲ್ಲ ನೀನು ಎನ್ನುತ್ತಿದ್ದರು. ಹಾಗೆನ್ನುವಾಗ ಅವರ ದನಿಯಲ್ಲಿ ಇರುತ್ತಿದ್ದ ಅಕ್ಕರೆಯನ್ನು ಅವಳಿಗೆ ಸಹಿಸಲಾಗುತ್ತಿರಲಿಲ್ಲ.

ಮೊನ್ನೆಯ ಶನಿವಾರ ಅವಳಿಗೆ ತುಂಬ ಆಯಾಸವಾಗಿತ್ತು. ಆರು ಕಪಾಟು ಒರೆಸಿ ಸೊಂಟ ಹಿಡಿದುಕೊಂಡಿತ್ತು. ಅವರು ಎಂದಿನಂತೆ ಕೇಳಿದರು. ಅವಳು ಹಕ್ಕಿಯನ್ನು ತಿರುಗಿಸಿ, ನುಣ್ಣಗಿದ್ದ ಎಡ ರೆಕ್ಕೆಯ ಅಡಿಯನ್ನು ನೋಡಿದಳು.

"ಇದೆ ರೀ," ಅಂದಳು.

"ಹಾಂ," ಅಂದರು ಯಜಮಾನರು. ಅವರ ಮುಖ ಹಗುರಾಯಿತು. "ನೋಡಿದ್ಯಾ, ನಿನಗೆ ಸುಳ್ಳು ಹೇಳೋಕೆ ಬರಲ್ಲ."

ಅವಳು ಹಕ್ಕಿಯನ್ನು ಒರೆಸಿ, ಇದ್ದ ಜಾಗದಲ್ಲೇ ಇಟ್ಟು, ಗಾಜಿನ ಬಾಗಿಲು ಹಾಕಿದಳು.