ಏರಿನ ತುದಿಯಲ್ಲಿ ನಿಂತ ಕಾರು

ಈ ಕತೆಯನ್ನು ಮೊದಲು ಹೇಳಿದವನು ಡೀಸೆಲ್ ಪಂಪುಗಳನ್ನು ಬಿಚ್ಚಿ ಕಟ್ಟುವ ಕಸುಬಿನವನು. ಹೇಳಿದ್ದು, ನಲವತ್ತು ವರ್ಷದ ಗೆಳೆಯನನ್ನು ಮಣ್ಣು ಮಾಡಿದ ಮರುವಾರ, ತನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು. ತಾನು ಕಾಣದ ಭಾಗವನ್ನು ಗೆಳೆಯನ ಮಗಳ ಬಾಯಿಂದ ಕೇಳಿ ತುಂಬಿಕೊಂಡದ್ದಾಗಿ ಅವನೇ ಒಪ್ಪಿಕೊಂಡ. ಕತೆಯನ್ನು ಅವನು ಎತ್ತಿಕೊಂಡದ್ದು ಹೀಗೆ: ಅಪ್ಪನ ಹೆಣ ಒಳಮನೆಯಲ್ಲಿದೆ, ಮಗಳು ಅಂಗಳದಲ್ಲಿ ಅಪ್ಪನ ಕಾರಿನ ಬಾನೆಟ್ ಎತ್ತಿ, ಸೊಂಟದವರೆಗೆ ಒಳಕ್ಕೆ ಬಗ್ಗಿದ್ದಾಳೆ.

ಎಂಜಿನ್ನಿಗೆ ಹೆಚ್ಚು ಗಾಳಿ ಊದಿ ಬಲ ಕೊಡುವ ಟರ್ಬೊ, ಅಲ್ಲಿಂದ ಗಾಳಿ ಒಯ್ಯುವ ದಪ್ಪ ರಬ್ಬರ್ ಪೈಪು, ಅದನ್ನು ಬಿಗಿದ ಒಂದು ಕ್ಲಿಪ್ಪು. ಆ ಕ್ಲಿಪ್ಪಿನ ಸ್ಕ್ರೂವಿಗೆ ಸ್ಕ್ರೂಡ್ರೈವರ್ ಆನಿಸಿ ನಿಂತು ಕಾಲು ಗಂಟೆಯಾಗಿತ್ತು. ತಿರುಗಿಸಿರಲಿಲ್ಲ.

"ಏನೇ ಇದು!" ಸೋದರತ್ತೆ ಬಾಗಿಲಿಗೆ ಬಂದಳು. "ಒಳಗೆ ಬಂದೋರೆಲ್ಲ ಮಗಳೆಲ್ಲಿ, ಮಗಳೆಲ್ಲಿ ಅಂತಿದ್ದಾರೆ."

"ಒಂದೇ ನಿಮಿಷ ಅತ್ತೆ."

"ನಿಮ್ಮಪ್ಪನೂ ಹಿಂಗೇ. ತನ್ನ ಮದುವೆ ದಿನ ಒಂದೇ ನಿಮಿಷ ಅಂತ ಹೋದೋನು ಮೊಣಕೈವರೆಗೂ ಗ್ರೀಸ್ ಬಳ್ಕೊಂಡು ಬಂದ." ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು.

ಪಂಪಿನ ಕಸುಬಿನವ ಮೆಲ್ಲನೆ ಹತ್ತಿರ ಬಂದ. ಅವನಿಗೆ ಅವಳ ಕೈ ಕಂಡಿತು, ಸ್ಕ್ರೂವಿನ ಮೇಲೇ ನಿಂತಿತ್ತು. ಇಪ್ಪತ್ತೈದು ವರ್ಷದಿಂದ ಗ್ಯಾರೇಜು ನಡೆಸುವ ಹೆಂಗಸಿನ ಕೈ.

"ಬಿಚ್ಚು ಕಣಮ್ಮ, ಏನಾಯ್ತು?"

"ಧೈರ್ಯ ಬರ್ತಿಲ್ಲ ಮಾಮ. ಇದರೊಳಗೆ ಎಣ್ಣೆ ಇದ್ರೆ, ಅಪ್ಪನ್ನ ಕೊಂದೋಳು ನಾನೇ."

ಅವಳ ಭಯ ಆ ಕಸುಬಿನವರಿಗೆ ಮಾತ್ರ ಬರಬಹುದಾದ ಭಯ. ಟರ್ಬೊವಿಗೆ ಹೋದ ಎಣ್ಣೆ ತನ್ನ ಭಾರಕ್ಕೆ ತಾನೇ ಇಳಿದು ಎಂಜಿನ್ನಿನ ತಳ ಸೇರಬೇಕು. ಇಳಿಯುವ ಪೈಪು ಡೊಂಕಾದರೆ ಎಣ್ಣೆ ಕಟ್ಟಿಕೊಂಡು, ಸೀಲು ದಾಟಿ, ಗಾಳಿಯ ದಾರಿಗೆ ನುಗ್ಗುತ್ತದೆ. ಆಗ ಡೀಸೆಲ್ ಎಂಜಿನ್ನು ತನ್ನ ಎಣ್ಣೆಯನ್ನೇ ಕುಡಿದು ಹುಚ್ಚೆದ್ದು ಕೂಗುತ್ತದೆ. ಕೀ ತಿರುಗಿಸಿದರೂ ನಿಲ್ಲುವುದಿಲ್ಲ. ಮುಂಚಿನ ದಿನ ಆಸ್ಪತ್ರೆಯಿಂದ ಫೋನು ಮಾಡಿದವರು ಹೇಳಿದ್ದು ಎರಡೇ ಸಂಗತಿ: ನಿಮ್ಮ ತಂದೆಯ ಹೃದಯ ನಿಂತಿದೆ, ಅವರು ಸಿಕ್ಕಾಗ ಕಾರಿನ ಎಂಜಿನ್ನು ಆನ್ ಇತ್ತಂತೆ. ಕೇಳಿದ ಬೇರೆ ಯಾರಿಗೂ ಎರಡನೆಯದು ಮನಸ್ಸಿಗೆ ಹತ್ತಲಿಲ್ಲ. ಅವಳಿಗೆ ಮಾತ್ರ ಹೊಗೆಯ ನಡುವೆ ಕೀಯನ್ನು ಮತ್ತೆ ಮತ್ತೆ ತಿರುಗಿಸುತ್ತಿದ್ದ ಎಪ್ಪತ್ತೊಂದರ ಮುದುಕ ಕಂಡ.

"ಎಣ್ಣೆ ಇಳಿಯೋ ಆ ಪೈಪ್ ಹಾಕಿದ್ದು ನಾನು," ಎಂದಳು. "ಡೊಂಕಿದೆ ಅಂತ ಅಪ್ಪ ಎರಡು ಸಲ ಹೇಳಿದ್ರು."

ಅಷ್ಟರಲ್ಲಿ ಹೊರುವವರು ಬಂದರು. ಅವಳು ಬಾನೆಟ್ ಇಳಿಸಿ ಒಳಗೆ ನಡೆದಳು.

*

ಕಾರು ಮಗಳಿಗಿಂತ ಮೂರೇ ವರ್ಷ ಚಿಕ್ಕದು. ಹುಟ್ಟುವಾಗ ಅದಕ್ಕೆ ಟರ್ಬೊ ಇರಲಿಲ್ಲ. ಬಯಲಿನಲ್ಲಿ ಆನೆಯ ಹಾಗೆ ಗತ್ತಿನಿಂದ ನಡೆಯುತ್ತಿದ್ದ ಅದು, ಅಪ್ಪನ ತಂಗಿಯ ಮನೆಯ ದಾರಿಯ ಏರು ಸಿಕ್ಕೊಡನೆ ಏದುಸಿರು ಬಿಡುತ್ತಿತ್ತು. ಲಾರಿಗಳು ಹಿಂದೆ ಹಾಕುತ್ತಿದ್ದವು. ಹಾಲಿನ ವ್ಯಾನು ದಿನಾ ಹಾರ್ನು ಹೊಡೆದು ಮುಂದೆ ಹೋಗುತ್ತಿತ್ತು. ಒಮ್ಮೆ ಸೈಕಲ್ಲಿನವನೊಬ್ಬ ಪಕ್ಕಕ್ಕೆ ಬಂದು, "ಏನ್ ಯಜಮಾನ್ರೇ, ಊಟ ಆಯ್ತಾ?" ಎಂದು ಕುಶಲ ವಿಚಾರಿಸಿ ಮುಂದೆ ಹೋದ. ಅಂದೇ ಅಪ್ಪ ಗ್ಯಾರೇಜಿಗೆ ಬಂದು ಕೈಚೀಲ ಬೆಂಚಿನ ಮೇಲಿಟ್ಟ.

"ಇದಕ್ಕೆ ಟರ್ಬೊ ಕೂರಿಸೋಣ."

"ಅಪ್ಪಾ, ಈ ವಯಸ್ಸಲ್ಲಿ?"

"ನನಗಲ್ಲ ಕಣೇ. ಕಾರಿಗೆ."

ಮೂರು ತಿಂಗಳ ಭಾನುವಾರಗಳು ಅದಕ್ಕೇ ಹೋದವು. ಗುಜರಿಯಲ್ಲಿ ಸಿಕ್ಕ ಟರ್ಬೊವನ್ನು ಅಪ್ಪ ಮೇಜಿನ ಮೇಲೆ ಹಾಸಿದ ಬಿಳಿ ಬಟ್ಟೆಯಲ್ಲಿ ಬಿಚ್ಚಿ, ಚಕ್ರಕ್ಕೆ ಉಗುರು ತಾಗಿಸಿ ಆಡಿಸಿ ನೋಡಿದ. ಹೊಗೆ ಹೋಗುವ ಕೊಳವೆಯನ್ನು ಅವಳು ಬೆಸುಗೆ ಹಾಕಿ ಹೊಸದಾಗಿ ಕಟ್ಟಿದಳು. ಒತ್ತಡ ಹೆಚ್ಚಾಗದಂತೆ ಕಾವಲಿಟ್ಟರು. ಹಳೆಯ ಪಿಸ್ಟನ್ನುಗಳು, ಹೆಚ್ಚು ಊದಿದರೆ ತಡೆಯವು. ಪಂಪಿನ ಕಸುಬಿನವ ಬಂದು ಡೀಸೆಲ್ಲನ್ನು ಕೂದಲೆಳೆಯಷ್ಟೇ ಹೆಚ್ಚಿಸಿಕೊಟ್ಟ. ಉಳಿದದ್ದು ಎಣ್ಣೆ ಇಳಿಯುವ ಪೈಪು. ಅಡ್ಡಬಂದ ಕಂಬಿಯನ್ನು ತಪ್ಪಿಸಲು ಅವಳು ಅದನ್ನು ಸ್ವಲ್ಪ ಅಡ್ಡಡ್ಡಕ್ಕೆ ಎಳೆದಿದ್ದಳು.

"ಇದು ಮಲಗಿದೆ. ನಿಂತಿರಬೇಕು," ಅಪ್ಪ ಎಂದ.

"ನಡೆಯುತ್ತೆ ಬಿಡಿ. ಬರೋ ಭಾನುವಾರ ಬದಲಾಯಿಸ್ತೀನಿ."

ಆ ಭಾನುವಾರ ಅವಳಿಗೆ ಬೇರೆಯವರ ಕೆಲಸ ಬಂತು. ಮುಂದಿನ ಭಾನುವಾರವೂ ಬಂತು. ಗುರುವಾರ ಅಪ್ಪ ಯಾರಿಗೂ ಹೇಳದೆ ಕೀ ಎತ್ತಿಕೊಂಡು ತಂಗಿಯ ಮನೆಗೆ ಹೊರಟ.

*

ಮಣ್ಣು ಮಾಡಿ ಬಂದವರು ಅಂಗಳದ ಕುರ್ಚಿಗಳಲ್ಲಿ ಕೂತು ಚಹಾ ಕುಡಿಯುತ್ತಿದ್ದಾಗ, ಯಾರಿಗೂ ಗುರುತಿಲ್ಲದ ದಪ್ಪ ಮನುಷ್ಯನೊಬ್ಬ ಗೇಟಿನ ಬಳಿ ಚಪ್ಪಲಿ ಬಿಟ್ಟು ಬಂದ.

"ನಾನು ಹಾಲಿನ ವ್ಯಾನಿನವನು. ಅವರನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದು ನಾನೇ. ಕ್ರೇನಿನವರು ಕಾರ್ ಎತ್ಕೊಂಡು ಹೋದ್ಮೇಲೆ ನೋಡ್ತೀನಿ, ಕೀ ನನ್ನ ಜೇಬಲ್ಲೇ ಇದೆ. ಕ್ಷಮಿಸಿ."

ಮಗಳು ಎದ್ದು ನಿಂತಳು. "ಕೀ ನಿಮ್ಮ ಕೈಗೆ ಹೆಂಗೆ ಬಂತು?"

"ಆಫ್ ಮಾಡಿ ತೆಗ್ದೆ."

"ತಿರುಗಿಸಿದ ತಕ್ಷಣ ನಿಂತ್ಹೋಯ್ತಾ?"

"ತಕ್ಷಣ. ಯಾಕಮ್ಮ?"

"ಕೂಗ್ತಿರ್ಲಿಲ್ವಾ? ಹೊಗೆ?"

"ಎಲ್ಲೀ ಹೊಗೆ! ಬೆಕ್ಕು ಮಲಗಿದಂಗೆ ಗುರ್ ಅಂತಿತ್ತು. ಗೇರಲ್ಲಿರಲಿಲ್ಲ, ಹ್ಯಾಂಡ್ ಬ್ರೇಕ್ ಎಳೆದಿತ್ತು. ರಸ್ತೆಯಿಂದ ಒಳಗೆ ಅಚ್ಚುಕಟ್ಟಾಗಿ ನಿಲ್ಲಿಸಿದ್ರು, ಏರು ಮುಗಿಯೋ ತುದೀಲಿ. ನಿದ್ದೆ ಬಂದಿದೆ ಅಂದ್ಕೊಂಡೆ." ಅವನು ತಡವರಿಸಿದ. "ಇದನ್ನ ಇಲ್ಲಿ ಹೇಳ್ಬಾರ್ದೇನೋ. ಅದಕ್ಕೂ ಐದು ನಿಮಿಷ ಮುಂಚೆ ಅದೇ ಏರಲ್ಲಿ ನನ್ನನ್ನ ಹಿಂದೆ ಹಾಕಿದ್ರು. ಇಷ್ಟು ವರ್ಷ ನಾನು ಹೊಡೆದ ಹಾರ್ನೆಲ್ಲ ಬಡ್ಡಿ ಸಮೇತ ಹೊಡೆದ್ರು. ಕಿಟಕಿಯಿಂದ ಕೈ ಆಚೆ ಹಾಕಿ, ಬಾ ಬಾ ಅಂತ ಕರೆದ್ರು ನನ್ನ!"

ಮೊದಲು ನಕ್ಕವಳು ಅತ್ತೆ. ನಗು ಬರುತ್ತಲೇ ಅಳುವೂ ಬಂತು. "ನನ್ನ ಮನೆಗೆ ಇನ್ನೆರಡೇ ತಿರುವು ಇತ್ತು. ಎದೆ ನೋವು ಬಂದಿರ್ಬೇಕು, ನಿಲ್ಲಿಸಿದ್ದಾನೆ. ಹಾಗಾದ್ರೆ ಎಂಜಿನ್ ಯಾಕೆ ಆಫ್ ಮಾಡ್ಲಿಲ್ಲ?"

"ಏರು ಹತ್ತಿದ ಟರ್ಬೊ ಕೆಂಡ ಆಗಿರುತ್ತೆ ಅಕ್ಕಾ," ಪಂಪಿನ ಕಸುಬಿನವ ಹೇಳಿದ. "ತಕ್ಷಣ ಆಫ್ ಮಾಡಿದ್ರೆ ಒಳಗಿನ ಎಣ್ಣೆ ಅಲ್ಲೇ ಸೀದು ಹೋಗುತ್ತೆ. ಎರಡು ನಿಮಿಷ ಸುಮ್ನೆ ಆನ್ ಬಿಡ್ಬೇಕು."

"ಸಾಯೋ ಹೊತ್ತಲ್ಲಿ ಅದೆಲ್ಲ ನೆನಪಿರುತ್ತೇನೋ?"

"ಅವನಿಗೆ ನೆನಪಿರ್ತಿದ್ದಿದ್ದೇ ಅದೊಂದು."

ಮಗಳು ಅಲ್ಲಿರಲಿಲ್ಲ. ಬಾನೆಟ್ ಎತ್ತಿದ ಸದ್ದು ಕೇಳಿತು. ಈ ಸಲ ಅವಳ ಕೈ ತಡೆಯಲಿಲ್ಲ. ನಾಲ್ಕು ಸುತ್ತು ತಿರುಗಿಸುವಷ್ಟರಲ್ಲಿ ಕ್ಲಿಪ್ಪು ಸಡಿಲಿತು. ರಬ್ಬರ್ ಪೈಪನ್ನು ಜಗ್ಗಿ ತೆಗೆದು, ತೋರುಬೆರಳನ್ನು ಬುಡದವರೆಗೆ ಒಳಗೆ ತೂರಿಸಿ ಸುತ್ತ ಒರೆಸಿ, ಬಿಸಿಲಿಗೆ ಹಿಡಿದಳು. ಬೆರಳಿಗೆ ಹತ್ತಿದ್ದು ಬೂದುಬಣ್ಣದ ಒಣ ಧೂಳು.

"ಮಾಮಾ," ಎಂದಳು. ಬೆರಳನ್ನು ಅವನ ಮೂಗಿನ ಹತ್ತಿರ ಹಿಡಿದಳು.

ಅವನು ಆ ಬೆರಳನ್ನು ನೋಡಿ, ಮೂಸಿ, ಮೊಣಕಾಲೂರಿ ಕಾರಿನ ಕೆಳಗೂ ಇಣುಕಿದ. "ಡೊಂಕೇನೋ ಡೊಂಕೇ. ನಿಮ್ಮಪ್ಪ ಬೈದಿದ್ದು ಸರಿ. ಆದ್ರೆ ಎಣ್ಣೆ ಇಳಿದಿದೆ ಕಣಮ್ಮ, ಎಲ್ಲೂ ಕಟ್ಟಿಲ್ಲ. ಕಾರು ಏನೂ ಮಾಡಿಲ್ಲ. ನೀನೂ ಏನೂ ಮಾಡಿಲ್ಲ."

ಅವಳು ಬಂಪರಿನ ಮೇಲೆ ಕೂತಳು. ಅಪ್ಪನಿಗಾಗಿ ಅವಳು ಮೊದಲ ಬಾರಿಗೆ ಅತ್ತಳು, ಬೇರೆ ಯಾವುದೂ ಬೆರೆಯದ ಅಳು. ಅತ್ತೆ ಬಂದು ತಲೆ ನೇವರಿಸಿ, ಒಂದು ಲೋಟ ಚಹಾ ಕೈಗಿಟ್ಟಳು. ಅದನ್ನು ಕುಡಿದು ಇನ್ನೊಂದು ಲೋಟ ಕೇಳಿದಳು. ಆಮೇಲೆ ಏರಿನ ಸಂಗತಿಯನ್ನು ಹಾಲಿನವನಿಂದ ಮೂರು ಸಲ ಹೇಳಿಸಿದರು. ಒಂದೊಂದು ಸಲವೂ ಕಾರಿನ ವೇಗ ಹೆಚ್ಚುತ್ತಾ ಹೋಯಿತು, ಯಾರೂ ತಡೆಯಲಿಲ್ಲ.

ಬಿಸಿಲು ಗೋಡೆಯಿಂದ ಇಳಿಯುವ ಹೊತ್ತಿಗೆ ಬಂದವರೆಲ್ಲ ಎದ್ದರು. ಕುರ್ಚಿಗಳನ್ನು ಒಂದರೊಳಗೊಂದು ಪೇರಿಸಿದರು. ಪಂಪಿನ ಕಸುಬಿನವ ತನ್ನ ವ್ಯಾನು ಹತ್ತಿ ಕೀ ತಿರುಗಿಸಿದ. ಅದು ಎರಡು ಸಲ ಕೆಮ್ಮಿ ಸುಮ್ಮನಾಯಿತು.

"ಊರವರ ಪಂಪೆಲ್ಲ ರಿಪೇರಿ ಮಾಡ್ತೀಯ!" ಅತ್ತೆ ಕೂಗಿದಳು.

"ಪಂಪಲ್ಲ ಅಕ್ಕಾ, ಬ್ಯಾಟರಿ!"

"ಹೂಂ, ಹಂಗೇ ಹೇಳು!"

ಹಾಲಿನವನು ಅಂಗಿಯ ತೋಳು ಮಡಚಿದ. ಸಾವಿನ ಮನೆಗೆಂದು ಇಸ್ತ್ರಿ ಮಾಡಿದ ಬಟ್ಟೆ ತೊಟ್ಟವರು ಒಬ್ಬೊಬ್ಬರಾಗಿ ವ್ಯಾನಿನ ಹಿಂದೆ ಸೇರಿದರು. ಮಗಳು ಲೋಟ ಕೆಳಗಿಟ್ಟು ಓಡಿಬಂದು ನಡುವೆ ಭುಜ ಕೊಟ್ಟಳು. ವ್ಯಾನು ಬೀದಿಯುದ್ದಕ್ಕೂ ಉರುಳಿತು, ಮೂಲೆಯಲ್ಲಿ ಗಕ್ಕನೆ ಹೊತ್ತಿಕೊಂಡು ಎಲ್ಲರ ಮೇಲೂ ಕಪ್ಪು ಹೊಗೆ ಕಾರಿತು. ಆ ಹೊಗೆಯೊಳಗಿಂದ, ಕೆಮ್ಮುತ್ತಾ ನಗುತ್ತಾ, ಜನ ತಂತಮ್ಮ ಮನೆಯ ಕಡೆಗೆ ಚದುರಿದರು.